ಭಾರತದ ಕಡಲಗಡಿಗಳು ಮತ್ತು ಸಾಗರ ವಲಯಗಳು

ಕರಾವಳಿಯುಳ್ಳ ರಾಷ್ಟ್ರವೊಂದರ ಅಧಿಕಾರ ದಡದಿಂದ ಆಚೆಗೆ ಎಷ್ಟು ದೂರ, ಯಾವ ಯಾವ ವಿಷಯಗಳಲ್ಲಿ ಸಲ್ಲುತ್ತದೆ ಎಂಬುದನ್ನು ಕಾನೂನಿನ ಮೂಲಕ ಗೊತ್ತುಪಡಿಸಿ, ಅಳತೆಯ ಮೂಲಕ ನಕ್ಷೆಯ ಮೇಲೆ ಗುರುತಿಸಿದ ರೇಖೆಗಳನ್ನು ಕಡಲಗಡಿಗಳೆಂದು ಕರೆಯಲಾಗುತ್ತದೆ. ನೆಲದ ಮೇಲಿನ ಗಡಿಗೆ ಕಲ್ಲು ನೆಡಬಹುದು, ಹಳ್ಳವನ್ನೋ ಬೆಟ್ಟದ ಸಾಲನ್ನೋ ಸಾಕ್ಷಿಯಾಗಿ ತೋರಿಸಬಹುದು. ಕಡಲಿನಲ್ಲಿ ಅಂಥ ಗುರುತು ಯಾವುದೂ ನಿಲ್ಲದ ಕಾರಣ ಅಲ್ಲಿಯ ಗಡಿ ಅಕ್ಷಾಂಶ ರೇಖಾಂಶಗಳ ಅಂಕಿಗಳಲ್ಲಿ ಮಾತ್ರ ಇರುತ್ತದೆ. ಆ ಅಂಕಿಗಳು ಹುಟ್ಟುವುದು ದಡದ ಮೇಲಿನ ಬಿಂದುಗಳಿಂದ. ಆದುದರಿಂದ ಇನ್ನೂರು ಮೈಲಿ ಆಚೆಯ ನೀರಿನ ಒಡೆತನದ ಪ್ರಶ್ನೆ ಬಹುಮಟ್ಟಿಗೆ ಒಂದು ಅಳಿವೆಯ ಬಾಯಿ, ಒಂದು ಕೆಸರುದಿಣ್ಣೆ ಅಥವಾ ಜನವಸತಿಯಿಲ್ಲದ ಒಂದು ಬಂಡೆಯ ಪ್ರಶ್ನೆಯಾಗಿಬಿಡುತ್ತದೆ. ಪಾಕಿಸ್ತಾನ, ಮಾಲ್ಡೀವ್ಸ್, ಶ್ರೀಲಂಕಾ, ಇಂಡೊನೇಷ್ಯಾ, ಥಾಯ್ಲೆಂಡ್, ಮ್ಯಾನ್ಮಾರ್ ಮತ್ತು ಬಾಂಗ್ಲಾದೇಶ ಎಂಬ ಏಳು ನೆರೆರಾಷ್ಟ್ರಗಳೊಡನೆ ಕಡಲನ್ನು ಹಂಚಿಕೊಂಡಿರುವ ಭಾರತದ ಅನುಭವದಲ್ಲಿ ಇದಕ್ಕೆ ಹಲವು ನಿದರ್ಶನಗಳು ಸಿಗುತ್ತವೆ.

ಹಿನ್ನೆಲೆ

ಕಡಲಿಗೆ ಒಡೆಯರುಂಟೇ ಎಂಬ ವಾದ ಯುರೋಪಿನ ಗ್ರಂಥಗಳಲ್ಲಿ ಬೆಳೆದರೂ ಅದರ ಬೇರು ಹಿಂದೂ ಮಹಾಸಾಗರದ ವ್ಯಾಪಾರದಲ್ಲಿದೆ. 16ನೆಯ ಶತಮಾನದಲ್ಲಿ ಪೋರ್ಚುಗೀಸರು ಈ ಸಾಗರದಲ್ಲಿ ಸಂಚರಿಸುವ ಹಡಗುಗಳೆಲ್ಲ ತಮ್ಮಿಂದ ಕಾರ್ತಾಸ್ ಎಂಬ ರಹದಾರಿ ಪತ್ರ ಪಡೆಯಬೇಕೆಂದು ಕಟ್ಟುಮಾಡಿದರು. ಭಟ್ಕಳ, ಹೊನ್ನಾವರ, ಬಸರೂರುಗಳಂಥ ಬಂದರುಗಳ ವ್ಯಾಪಾರವೂ ಈ ಕಟ್ಟಳೆಯ ಬಿಸಿಯನ್ನು ಉಂಡಿತು. ಪೂರ್ವದೇಶಗಳ ವ್ಯಾಪಾರದಲ್ಲಿ ಡಚ್ಚರಿಗೂ ಹಕ್ಕಿದೆಯೆಂದು ಸಾಧಿಸಲು ಹ್ಯೂಗೊ ಗ್ರೋಶಿಯಸ್ 1609ರಲ್ಲಿ ಪ್ರಕಟಿಸಿದ ‘ಮಾರೆ ಲಿಬೆರುಮ್’ ಎಂಬ ಕೃತಿಯು ಕಡಲು ಎಲ್ಲರಿಗೂ ತೆರೆದದ್ದು ಎಂದು ವಾದಿಸಿತು. ಇಂಗ್ಲೆಂಡಿನ ಜಾನ್ ಸೆಲ್ಡನ್ 1635ರಲ್ಲಿ ‘ಮಾರೆ ಕ್ಲಾಸುಮ್’ ಬರೆದು ಅದಕ್ಕೆ ಎದುರುನಿಂತನು. ದಡದಲ್ಲಿಟ್ಟ ಫಿರಂಗಿಯ ಗುಂಡು ಮುಟ್ಟುವಷ್ಟು ದೂರ ದಡದವನದು ಎಂಬ ನಡುದಾರಿಯನ್ನು 18ನೆಯ ಶತಮಾನದ ಆರಂಭದಲ್ಲಿ ಡಚ್ ನ್ಯಾಯಶಾಸ್ತ್ರಜ್ಞ ಬಿಂಕರ್‌ಶೂಕ್ ಪ್ರತಿಪಾದಿಸಿದನು. ಮುಂದೆ ಅದು ಮೂರು ನಾಟಿಕಲ್ ಮೈಲಿ ಎಂಬ ಲೆಕ್ಕಕ್ಕೆ ಬಂದು ನಿಂತಿತು. ಒಂದು ನಾಟಿಕಲ್ ಮೈಲಿ 1,852 ಮೀಟರಿಗೆ ಸಮ. ಅದು ಭೂಮಿಯ ಮೇಲೆ ಅಕ್ಷಾಂಶದ ಒಂದು ಕಲೆಯಷ್ಟು ದೂರ.

ಈ ಮೂರು ಮೈಲಿಯ ಕಟ್ಟನ್ನು ಮುರಿದದ್ದು ಕಡಲತಳದ ತೈಲ. ಅಮೆರಿಕದ ಅಧ್ಯಕ್ಷ ಟ್ರೂಮನ್ 1945ರ ಸೆಪ್ಟೆಂಬರಿನಲ್ಲಿ ತಮ್ಮ ದೇಶದ ತೀರಕ್ಕೆ ಹೊಂದಿದ ಖಂಡಾವರಣದ, ಎಂದರೆ ಭೂಖಂಡವು ಕಡಲಿನ ಕೆಳಗೆ ಇಳಿಜಾರಾಗಿ ಮುಂದುವರಿದ ಭಾಗದ, ಸಂಪತ್ತು ತಮ್ಮದೆಂದು ಘೋಷಿಸಿದ ಮೇಲೆ ಇತರ ರಾಷ್ಟ್ರಗಳೂ ಸಾಲುಹಿಡಿದವು. ಭಾರತ 1956ರಲ್ಲಿ ತನ್ನ ಜಲಪ್ರದೇಶವನ್ನು ಆರು ನಾಟಿಕಲ್ ಮೈಲಿಯೆಂದೂ 1967ರಲ್ಲಿ ಹನ್ನೆರಡೆಂದೂ ಸಾರಿತು. 1974ರಲ್ಲಿ ಮುಂಬಯಿಯಿಂದ ಸುಮಾರು 160 ಕಿ.ಮೀ. ದೂರದಲ್ಲಿ ಬಾಂಬೆ ಹೈ ತೈಲಕ್ಷೇತ್ರ ಪತ್ತೆಯಾದಾಗ ಹನ್ನೆರಡು ಮೈಲಿಯ ಆಚೆಗಿನ ಹಕ್ಕಿಗೆ ಗಟ್ಟಿಯಾದ ಶಾಸನ ಬೇಕಾಯಿತು. ಸಂವಿಧಾನದ 297ನೆಯ ಅನುಚ್ಛೇದವನ್ನು 40ನೆಯ ತಿದ್ದುಪಡಿಯಿಂದ ಪರಿಷ್ಕರಿಸಿ, 1976ರಲ್ಲಿ ಜಲಪ್ರದೇಶ, ಖಂಡಾವರಣ, ಅನನ್ಯ ಆರ್ಥಿಕ ವಲಯ ಮತ್ತು ಇತರ ಸಾಗರ ವಲಯಗಳ ಅಧಿನಿಯಮವನ್ನು ಸಂಸತ್ತು ಅಂಗೀಕರಿಸಿತು. ವಿಶ್ವಸಂಸ್ಥೆಯ ಕಡಲ ಕಾನೂನು ಒಡಂಬಡಿಕೆಗೆ ಜಮೈಕಾದ ಮಾಂಟೆಗೊ ಬೇಯಲ್ಲಿ ಸಹಿಬಿದ್ದದ್ದು 1982ರ ಡಿಸೆಂಬರಿನಲ್ಲಿ, ಅದು ಜಾರಿಗೆ ಬಂದದ್ದು 1994ರಲ್ಲಿ, ಭಾರತ ಅದನ್ನು ಸ್ಥಿರೀಕರಿಸಿದ್ದು 1995ರಲ್ಲಿ. ಎಂದರೆ ಭಾರತದ ಶಾಸನ ಅಂತರರಾಷ್ಟ್ರೀಯ ಒಡಂಬಡಿಕೆಗಿಂತ ಹಿರಿಯದು. ಎರಡರ ನಡುವೆ ಇಂದಿಗೂ ಕಾಣುವ ಕೆಲವು ಬಿರುಕುಗಳಿಗೆ ಈ ಹಿರಿತನವೂ ಒಂದು ಕಾರಣ.

ವಲಯಗಳು

ಎಲ್ಲ ವಲಯಗಳನ್ನೂ ಅಳೆಯುವುದು ಆಧಾರರೇಖೆಯಿಂದ. ಈ ರೇಖೆಯ ಒಳಗಿನ ಬಂದರು, ಹಿನ್ನೀರು, ಅಳಿವೆಗಳು ಆಂತರಿಕ ಜಲ. ಅಲ್ಲಿ ರಾಷ್ಟ್ರದ ಅಧಿಕಾರ ನೆಲದ ಮೇಲಿನಷ್ಟೇ ಪೂರ್ಣವಾದುದು. ಆಧಾರರೇಖೆಯಿಂದ 12 ನಾಟಿಕಲ್ ಮೈಲಿಯವರೆಗಿನ, ಸುಮಾರು 22 ಕಿ.ಮೀ. ಅಗಲದ ಪಟ್ಟಿ ಜಲಪ್ರದೇಶ. ಇಲ್ಲಿಯೂ ಸಾರ್ವಭೌಮತ್ವ ಪೂರ್ಣವೇ ಆದರೂ ಪರದೇಶದ ಹಡಗುಗಳು ಶಾಂತಿಗೆ ಭಂಗ ತರದೆ, ನಡುವೆ ನಿಲ್ಲದೆ ಹಾದುಹೋಗುವ ‘ನಿರುಪದ್ರವಿ ಸಂಚಾರ’ದ ಹಕ್ಕನ್ನು ಹೊಂದಿರುತ್ತವೆ, ಜಲಾಂತರ್ಗಾಮಿಗಳು ನೀರಿನ ಮೇಲೆ ಬಂದು ಬಾವುಟ ತೋರಿಸಿಯೇ ಸಾಗಬೇಕು. ಯುದ್ಧನೌಕೆಗಳು ಮುಂಚಿತವಾಗಿ ತಿಳಿಸಬೇಕೆಂದು ಭಾರತದ ಶಾಸನ ವಿಧಿಸುತ್ತದೆ. 24 ಮೈಲಿಯವರೆಗಿನ ಸಂಲಗ್ನ ವಲಯದಲ್ಲಿ ಸುಂಕ, ವಲಸೆ, ತೆರಿಗೆ ಮತ್ತು ಆರೋಗ್ಯ ನಿಯಮಗಳನ್ನು ಜಾರಿಗೊಳಿಸುವ ಅಧಿಕಾರ ಉಂಟು. ಭಾರತದ ಶಾಸನ ಇದಕ್ಕೆ ಭದ್ರತೆಯನ್ನೂ ಸೇರಿಸಿದೆ.

200 ನಾಟಿಕಲ್ ಮೈಲಿ, ಎಂದರೆ ಸುಮಾರು 370 ಕಿ.ಮೀ. ವರೆಗೆ ಚಾಚಿರುವ ಅನನ್ಯ ಆರ್ಥಿಕ ವಲಯದಲ್ಲಿ ರಾಷ್ಟ್ರಕ್ಕಿರುವುದು ಒಡೆತನಕ್ಕಿಂತ ಕಡಿಮೆಯಾದ, ಆದರೆ ಸಂಪತ್ತಿನ ಮಟ್ಟಿಗೆ ಇತರರನ್ನು ಹೊರಗಿಡುವ ಹಕ್ಕು. ಮೀನು, ತೈಲ, ಅನಿಲ, ಗಾಳಿ ಮತ್ತು ಅಲೆಗಳಿಂದ ತೆಗೆಯುವ ಶಕ್ತಿ ಇವೆಲ್ಲ ತೀರರಾಷ್ಟ್ರಕ್ಕೆ ಸೇರುತ್ತವೆ. ಹಡಗು ಸಂಚಾರ, ವಿಮಾನ ಹಾರಾಟ, ಕೇಬಲ್ ಹಾಸುವಿಕೆ ಎಲ್ಲರಿಗೂ ಮುಕ್ತ. ಈ ಮುಕ್ತತೆಯಲ್ಲಿ ಪರದೇಶಗಳ ಸೈನಿಕ ಕವಾಯತು ಸೇರುತ್ತದೆಯೇ ಎಂಬುದು ಇನ್ನೂ ಬಗೆಹರಿಯದ ವಾದ. ಅನುಮತಿಯಿಲ್ಲದೆ ಸಲ್ಲದು ಎಂಬುದು ಭಾರತದ ನಿಲುವು. ಒಡಂಬಡಿಕೆಗೆ ಸೇರದಿದ್ದರೂ ಅದರ ಸೂತ್ರಗಳನ್ನು ಎತ್ತಿ ಆಡುವ ಅಮೆರಿಕದ ನೌಕೆಯೊಂದು 2021ರ ಏಪ್ರಿಲಿನಲ್ಲಿ ಲಕ್ಷದ್ವೀಪದ ಪಶ್ಚಿಮಕ್ಕೆ ಸುಮಾರು 130 ನಾಟಿಕಲ್ ಮೈಲಿ ದೂರದಲ್ಲಿ ಈ ನಿಲುವನ್ನು ಪ್ರಶ್ನಿಸಲೆಂದೇ ಸಂಚರಿಸಿ, ಅದನ್ನು ಬಹಿರಂಗವಾಗಿ ಸಾರಿಕೊಂಡಿತು.

ವಲಯದ ಹೆಸರು ಬದಲಾದರೆ ಪೊಲೀಸರ ಅಧಿಕಾರವೂ ಬದಲಾಗುತ್ತದೆ ಎಂಬುದನ್ನು 2012ರ ಎನ್ರಿಕಾ ಲೆಕ್ಸಿ ಪ್ರಕರಣ ತೋರಿಸಿಕೊಟ್ಟಿತು. ಇಟಲಿಯ ತೈಲಹಡಗಿನ ಮೇಲಿದ್ದ ನೌಕಾಸೈನಿಕರ ಗುಂಡಿಗೆ ಇಬ್ಬರು ಭಾರತೀಯ ಮೀನುಗಾರರು ಬಲಿಯಾದ ಸ್ಥಳ ಕೇರಳದ ತೀರದಿಂದ ಸುಮಾರು 20.5 ನಾಟಿಕಲ್ ಮೈಲಿ ದೂರದಲ್ಲಿತ್ತು. ಅದು ಜಲಪ್ರದೇಶದ ಆಚೆಗಿನ ಸಂಲಗ್ನ ವಲಯವಾದ ಕಾರಣ ಕೇರಳ ಪೊಲೀಸರಿಗೆ ಅಲ್ಲಿ ಅಧಿಕಾರವಿಲ್ಲ, ಕ್ರಮ ಕೈಗೊಳ್ಳಬೇಕಾದುದು ಕೇಂದ್ರ ಎಂದು ಸರ್ವೋಚ್ಚ ನ್ಯಾಯಾಲಯ 2013ರಲ್ಲಿ ತೀರ್ಮಾನಿಸಿತು. ಮಧ್ಯಸ್ಥಿಕೆ ನ್ಯಾಯಮಂಡಳಿಯು 2020ರಲ್ಲಿ ಆ ಸೈನಿಕರನ್ನು ಭಾರತ ವಿಚಾರಣೆಗೆ ಒಳಪಡಿಸುವಂತಿಲ್ಲವೆಂದೂ ಭಾರತಕ್ಕೆ ಪರಿಹಾರ ಸಲ್ಲಬೇಕೆಂದೂ ತೀರ್ಪಿತ್ತಿತು.

ರಾಜ್ಯಗಳ ಅಧಿಕಾರದ ಮಿತಿಯೂ ಇದೇ ಹನ್ನೆರಡು ಮೈಲಿಯ ಗೆರೆಯಲ್ಲಿದೆ. ಮೀನುಗಾರಿಕೆ ಸಂವಿಧಾನದ ರಾಜ್ಯಪಟ್ಟಿಯಲ್ಲಿ ಸೇರಿದ್ದರೆ, ಜಲಪ್ರದೇಶದಿಂದ ಆಚೆಗಿನ ಮೀನುಗಾರಿಕೆ ಕೇಂದ್ರಪಟ್ಟಿಯಲ್ಲಿದೆ. ಕರ್ನಾಟಕದ 1986ರ ಕಡಲ ಮೀನುಗಾರಿಕೆ ನಿಯಂತ್ರಣ ಅಧಿನಿಯಮವೂ ರಾಜ್ಯಕ್ಕೆ ಹೊಂದಿದ ಜಲಪ್ರದೇಶಕ್ಕೆ ಸೀಮಿತವಾದದ್ದು. ಮಲ್ಪೆಯಿಂದಲೋ ಮಂಗಳೂರಿನಿಂದಲೋ ಆಳಸಮುದ್ರ ಮೀನುಗಾರಿಕೆಗೆ ಹೊರಟ ಟ್ರಾಲ್ ಬೋಟು ಕೆಲವು ಗಂಟೆಗಳಲ್ಲೇ ರಾಜ್ಯದ ನಿಯಮದ ನೀರನ್ನು ದಾಟಿ ಕೇಂದ್ರದ ನಿಯಮದ ನೀರಿಗೆ ಹೋಗಿರುತ್ತದೆ. ಕರ್ನಾಟಕದ ಅನನ್ಯ ಆರ್ಥಿಕ ವಲಯ 87,000 ಚ.ಕಿ.ಮೀ. ಎಂದು ಮೀನುಗಾರಿಕೆಯ ವರದಿಗಳಲ್ಲಿ ಕಾಣುವ ಅಂಕಿಯನ್ನು ಆದುದರಿಂದ ಆಡಳಿತದ ಅನುಕೂಲಕ್ಕೆ ಮಾಡಿಕೊಂಡ ಪಾಲಿನ ಲೆಕ್ಕವೆಂದೇ ತಿಳಿಯಬೇಕು. ಕಾನೂನಿನಲ್ಲಿ ಆ ವಲಯ ಇಡಿಯಾಗಿ ಒಕ್ಕೂಟದ್ದು. ಮಂಗಳೂರಿಗೂ ಲಕ್ಷದ್ವೀಪದ ಉತ್ತರದ ದ್ವೀಪಗಳಿಗೂ ನಡುವಣ ನೀರೆಲ್ಲ ಒಂದಿಲ್ಲೊಂದು ಭಾರತೀಯ ತೀರದಿಂದ 200 ಮೈಲಿಯೊಳಗೇ ಬರುವುದರಿಂದ, ಈ ಭಾಗದಲ್ಲಿ ವಲಯದ ಹೊರಗಡಿ ಸಿಗುವುದು ದ್ವೀಪಗಳನ್ನು ದಾಟಿ ಬಹುದೂರ ಪಶ್ಚಿಮಕ್ಕೆ ಹೋದ ಮೇಲೆಯೇ.

ಆಧಾರರೇಖೆ ಮತ್ತು ಅಳತೆ

ಸಾಮಾನ್ಯ ಆಧಾರರೇಖೆ ಎಂದರೆ ಇಳಿತದ ವೇಳೆ ನೀರು ಹಿಂದೆ ಸರಿದು ನಿಲ್ಲುವ ಅಂಚು, ಅಧಿಕೃತ ನೌಕಾನಕ್ಷೆಯಲ್ಲಿ ಅದನ್ನು ಗುರುತಿಸಿದ ಹಾಗೆ. ಹೇಳಲು ಸುಲಭವಾದ ಈ ವ್ಯಾಖ್ಯೆ ಅಳೆಯಲು ಹೊರಟಾಗ ತೊಡಕಾಗುತ್ತದೆ. ಕರ್ನಾಟಕದ ತೀರದಲ್ಲಿ ಉಬ್ಬರವಿಳಿತದ ಅಂತರ ಸುಮಾರು ಎರಡು ಮೀಟರಿನೊಳಗೆ ಇರುವುದರಿಂದ ನೀರಿನ ಅಂಚು ಅಷ್ಟೇನೂ ಅತ್ತಿತ್ತ ಹೋಗುವುದಿಲ್ಲ. ಖಂಭಾತ್ ಕೊಲ್ಲಿಯಲ್ಲಿಯಾದರೋ ಈ ಅಂತರ ಹತ್ತು ಮೀಟರಿನ ಸುಮಾರಿಗೆ ಏರುತ್ತದೆ. ಇಳಿತದಲ್ಲಿ ಕಿಲೋಮೀಟರುಗಟ್ಟಲೆ ಕೆಸರುಬಯಲು ಬಯಲಾಗುತ್ತದೆ. ಯಾವ ಇಳಿತವನ್ನು ಲೆಕ್ಕಕ್ಕೆ ಹಿಡಿಯಬೇಕು ಎಂಬ ಆಯ್ಕೆಯೊಂದರಿಂದಲೇ ಅಲ್ಲಿ ಗಡಿ ಮುಂದೆ ಸರಿಯಬಲ್ಲುದು. ಉಬ್ಬರದಲ್ಲಿ ಮುಳುಗಿ ಇಳಿತದಲ್ಲಿ ಮಾತ್ರ ತಲೆಯೆತ್ತುವ ದಿಣ್ಣೆಯು ನೆಲದಿಂದ 12 ಮೈಲಿಯೊಳಗಿದ್ದರೆ ಆಧಾರಬಿಂದುವಾಗುವ ಅರ್ಹತೆ ಪಡೆಯುತ್ತದೆ, ಆಚೆಗಿದ್ದರೆ ಅದಕ್ಕೆ ಬೆಲೆಯಿಲ್ಲ. ಸದಾ ನೀರಿನ ಮೇಲಿದ್ದರೂ ಮನುಷ್ಯವಾಸಕ್ಕಾಗಲಿ ಸ್ವತಂತ್ರ ಆರ್ಥಿಕ ಜೀವನಕ್ಕಾಗಲಿ ಒದಗದ ಬಂಡೆಗೆ ಜಲಪ್ರದೇಶ ದೊರೆಯುತ್ತದೆ, ಆರ್ಥಿಕ ವಲಯ ದೊರೆಯುವುದಿಲ್ಲ.

ತೀರ ತೀರಾ ಅಂಕುಡೊಂಕಾಗಿದ್ದರೆ ಅಥವಾ ಅದರ ಮುಂದೆ ದ್ವೀಪಗಳ ಸಾಲಿದ್ದರೆ ಆಯ್ದ ಬಿಂದುಗಳನ್ನು ನೇರ ಗೆರೆಗಳಿಂದ ಜೋಡಿಸಬಹುದೆಂದು ಅಂತರರಾಷ್ಟ್ರೀಯ ನ್ಯಾಯಾಲಯ 1951ರಲ್ಲಿ ಬ್ರಿಟನ್ ಮತ್ತು ನಾರ್ವೆಗಳ ಮೀನುಗಾರಿಕೆ ವ್ಯಾಜ್ಯದಲ್ಲಿ ಒಪ್ಪಿತು. ಭಾರತ 2009ರ ಮೇ ತಿಂಗಳಲ್ಲಿ ತನ್ನ ನೇರ ಆಧಾರರೇಖೆಗಳ ಬಿಂದುಗಳನ್ನು ಅಧಿಸೂಚನೆಯಾಗಿ ಪ್ರಕಟಿಸಿತು. ಅದರಲ್ಲಿ ಲಕ್ಷದ್ವೀಪ ಸಮೂಹವನ್ನು ಗೆರೆಗಳಿಂದ ಸುತ್ತುವರಿದದ್ದು ಆಕ್ಷೇಪಕ್ಕೆ ಗುರಿಯಾಗಿದೆ. ದ್ವೀಪಸಮೂಹವನ್ನು ಸುತ್ತುವರಿಯುವ ಅವಕಾಶವನ್ನು ಒಡಂಬಡಿಕೆ ಇಂಡೊನೇಷ್ಯಾದಂತೆ ಪೂರ್ತಿ ದ್ವೀಪಗಳಿಂದಲೇ ಆದ ರಾಷ್ಟ್ರಗಳಿಗೆ ಕೊಟ್ಟಿದೆಯೇ ಹೊರತು, ಭೂಖಂಡದ ಮೇಲೆ ನೆಲೆಸಿ ದ್ವೀಪಗಳನ್ನೂ ಹೊಂದಿದ ರಾಷ್ಟ್ರಗಳಿಗೆ ಅಲ್ಲ ಎಂಬುದು ಆಕ್ಷೇಪಕರ ವಾದ. ಒಡಂಬಡಿಕೆಯ ಅಕ್ಷರವನ್ನಷ್ಟೇ ನೋಡಿದರೆ ಈ ವಾದವನ್ನು ತಳ್ಳಿಹಾಕುವುದು ಸುಲಭವಲ್ಲ.

ಆಧಾರರೇಖೆ ಗೊತ್ತಾದ ಮೇಲೆ ಹೊರಮಿತಿಯನ್ನು ಎಳೆಯಲು ಕಂಸಗಳ ವಿಧಾನವನ್ನು ಬಳಸುತ್ತಾರೆ. ಇದನ್ನು 1930ರ ಹೇಗ್ ಸಮ್ಮೇಳನದ ಸಂದರ್ಭದಲ್ಲಿ ಅಮೆರಿಕದ ಭೂಗೋಳಜ್ಞ ಎಸ್. ವಿಟಿಮೋರ್ ಬಾಗ್ಸ್ ರೂಪಿಸಿದನು. ಹನ್ನೆರಡು ಮೈಲಿ ತ್ರಿಜ್ಯದ ಗಾಲಿಯೊಂದರ ಗುಂಬವನ್ನು ದಡದ ಗೆರೆಯ ಮೇಲಿಟ್ಟು ನಡೆಸಿಕೊಂಡು ಹೋದರೆ ಗಾಲಿಯ ಹೊರಬಳೆ ಕಡಲಿನ ಕಡೆಗೆ ಎಲ್ಲೆಲ್ಲಿ ಅತಿದೂರ ಮುಟ್ಟುವುದೋ ಅದೇ ಹೊರಮಿತಿ. ಇದರಿಂದಾಗಿ ದಡದ ಸಣ್ಣ ಕೊರಕಲುಗಳೆಲ್ಲ ಅಳಿಸಿಹೋಗಿ, ಮುಂಚಾಚಿದ ಕೆಲವೇ ಮೂಗುಗಳು ಇಡೀ ಗಡಿಯನ್ನು ನಿರ್ಧರಿಸುತ್ತವೆ. ತೀರದ ಉದ್ದ ಹೆಚ್ಚಿದರೆ ಕಡಲಿನ ಪಾಲೂ ಹೆಚ್ಚುವುದೆಂಬ ತಪ್ಪು ತಿಳಿವಳಿಕೆಗೆ ಇಲ್ಲಿ ಉತ್ತರವಿದೆ. ದಶಕಗಳ ಕಾಲ 7,516.6 ಕಿ.ಮೀ. ಎಂದು ಪಠ್ಯಪುಸ್ತಕಗಳಲ್ಲಿ ಓದುತ್ತ ಬಂದ ಭಾರತದ ತೀರದ ಉದ್ದವನ್ನು ಹೆಚ್ಚು ದೊಡ್ಡ ಅಳತೆಮಾನದ ನಕ್ಷೆಗಳ ಮೇಲೆ ಮರುಲೆಕ್ಕಿಸಿ ಈಗ 11,098.81 ಕಿ.ಮೀ. ಎಂದು ನಿಗದಿಪಡಿಸಲಾಗಿದೆ; ಕರ್ನಾಟಕದ 280 ಕಿ.ಮೀ. ತೀರ 343.30 ಕಿ.ಮೀ. ಆಗಿದೆ. ಇದರಿಂದ ನೆಲವೂ ಬೆಳೆದಿಲ್ಲ, ಕಡಲಿನ ಪಾಲೂ ಬೆಳೆದಿಲ್ಲ. ಅಂಕುಡೊಂಕುಗಳು ಹೆಚ್ಚು ಸೂಕ್ಷ್ಮವಾಗಿ ಎಣಿಕೆಗೆ ಬಂದಿವೆ, ಅಷ್ಟೆ.

ನೌಕಾನಕ್ಷೆಗಳನ್ನು ಸಿದ್ಧಪಡಿಸುವ ಹೊಣೆ ಭಾರತೀಯ ನೌಕಾಪಡೆಗೆ ಸೇರಿದ ರಾಷ್ಟ್ರೀಯ ಜಲಮಾಪನ ಕಚೇರಿಯದು. 1874ರಲ್ಲಿ ಕೋಲ್ಕತ್ತದಲ್ಲಿ ಸ್ಥಾಪನೆಯಾದ ಕಡಲ ಸರ್ವೇಕ್ಷಣಾ ವಿಭಾಗದ ಉತ್ತರಾಧಿಕಾರಿಯಾದ ಈ ಸಂಸ್ಥೆ 1954ರಿಂದ ಕಡಲಗಾಳಿ ಸೋಕದ ಡೆಹ್ರಾಡೂನಿನಲ್ಲಿ ನೆಲೆಗೊಂಡಿರುವುದು ಸ್ವಾರಸ್ಯದ ಸಂಗತಿ. ಹಿಂದೆ ಸೀಸದ ಗುಂಡು ಕಟ್ಟಿದ ಹಗ್ಗ ಇಳಿಬಿಟ್ಟು ಆಳವನ್ನು ಮಾರುಗಳಲ್ಲಿ ಅಳೆಯುತ್ತಿದ್ದರು. ಒಂದೊಂದು ಇಳಿಬಿಡುವಿಕೆಗೆ ಒಂದೊಂದೇ ಅಂಕಿ. ಈಗ ಹಡಗಿನ ತಳದಿಂದ ಬೀಸಣಿಗೆಯಾಕಾರದಲ್ಲಿ ಶಬ್ದತರಂಗಗಳನ್ನು ಹಾಯಿಸಿ, ಪ್ರತಿಧ್ವನಿ ಮರಳುವ ಕಾಲದಿಂದ ಕಡಲತಳದ ಅಗಲವಾದ ಪಟ್ಟಿಯನ್ನೇ ಒಮ್ಮೆಗೆ ಅಳೆಯಲಾಗುತ್ತದೆ. ಕಡಲನೀರಿನಲ್ಲಿ ಶಬ್ದದ ವೇಗ ಸೆಕೆಂಡಿಗೆ ಸುಮಾರು 1,500 ಮೀಟರ್ ಆದರೂ ನೀರಿನ ಉಷ್ಣತೆ, ಲವಣಾಂಶ, ಒತ್ತಡಗಳಿಗೆ ತಕ್ಕಂತೆ ಅದು ವ್ಯತ್ಯಾಸವಾಗುವುದರಿಂದ ಅವನ್ನೂ ಅಳೆದು ಲೆಕ್ಕ ತಿದ್ದಬೇಕಾಗುತ್ತದೆ. 2024ರ ಫೆಬ್ರುವರಿಯಲ್ಲಿ ವಿಶಾಖಪಟ್ಟಣದಲ್ಲಿ ಸೇವೆಗೆ ಸೇರಿದ ಐಎನ್ಎಸ್ ಸಂಧಾಯಕ್ ಇಂಥ ಕೆಲಸಕ್ಕಾಗಿಯೇ ಕಟ್ಟಿದ ಹಡಗು.

ಗಣಿತದ ತೊಡಕು ಇನ್ನೊಂದಿದೆ. ಅಕ್ಷಾಂಶ ರೇಖಾಂಶಗಳು ಭೂಮಿಯ ಆಕಾರದ ಬಗ್ಗೆ ಮಾಡಿಕೊಂಡ ಒಂದು ಕಲ್ಪನೆಯನ್ನು ಅವಲಂಬಿಸಿರುತ್ತವೆ. ಭಾರತದ ಹಳೆಯ ನಕ್ಷೆಗಳು ಜಾರ್ಜ್ ಎವರೆಸ್ಟ್ 1830ರಲ್ಲಿ ಲೆಕ್ಕಹಾಕಿದ ಗೋಳಾಭವನ್ನು ಆಧರಿಸಿದ್ದರೆ ಉಪಗ್ರಹಗಳನ್ನು ನೆಚ್ಚಿದ ಇಂದಿನ ಜಿಪಿಎಸ್ ಬೇರೊಂದನ್ನು ಆಧರಿಸಿದೆ. ಒಂದೇ ಬಂಡೆಗೆ ಎರಡು ಪದ್ಧತಿಗಳಲ್ಲಿ ಬರುವ ಸ್ಥಾನಗಳ ನಡುವೆ ನೂರು ಮೀಟರಿಗೂ ಮಿಕ್ಕ ವ್ಯತ್ಯಾಸ ಕಾಣಬಹುದು. ಎರಡು ಬಿಂದುಗಳನ್ನು ಜೋಡಿಸುವ ‘ನೇರ’ ಗೆರೆಯೂ ಒಂದೇ ಬಗೆಯದಲ್ಲ: ನಾವಿಕರ ಮರ್ಕೇಟರ್ ನಕ್ಷೆಯಲ್ಲಿ ನೇರವಾಗಿ ಕಾಣುವ ಗೆರೆ ಭೂಮಿಯ ಮೇಲ್ಮೈಯಲ್ಲಿ ಅತಿ ಹತ್ತಿರದ ದಾರಿಯಲ್ಲ. ಗೆರೆ ನೂರಾರು ಮೈಲಿ ಉದ್ದವಿದ್ದಾಗ ಈ ಎರಡರ ನಡುವೆ ಉಳಿಯುವ ತೆಳು ಪಟ್ಟಿಯಲ್ಲಿ ತೈಲಬಾವಿಯೊಂದು ಬಿದ್ದರೆ ಅದು ರಾಜತಾಂತ್ರಿಕ ಪ್ರಶ್ನೆಯಾಗುತ್ತದೆ.

ನೆರೆರಾಷ್ಟ್ರಗಳೊಡನೆ ಹಂಚಿಕೆ

ಎರಡು ರಾಷ್ಟ್ರಗಳ ವಲಯಗಳು ಒಂದರ ಮೇಲೊಂದು ಬಿದ್ದಾಗ ಎರಡೂ ತೀರಗಳಿಂದ ಸಮಾನ ದೂರದಲ್ಲಿರುವ ಬಿಂದುಗಳನ್ನು ಜೋಡಿಸಿದ ಸಮದೂರ ರೇಖೆಯಿಂದ ಮಾತುಕತೆ ಆರಂಭವಾಗುವುದು ವಾಡಿಕೆ. ಭಾರತವು 1974ರಿಂದ 1978ರ ಅವಧಿಯಲ್ಲಿ ಶ್ರೀಲಂಕಾ, ಇಂಡೊನೇಷ್ಯಾ, ಮಾಲ್ಡೀವ್ಸ್ ಮತ್ತು ಥಾಯ್ಲೆಂಡ್‌ಗಳೊಡನೆಯೂ 1986ರಲ್ಲಿ ಮ್ಯಾನ್ಮಾರ್‌ನೊಡನೆಯೂ ಒಪ್ಪಂದ ಮಾಡಿಕೊಂಡು ಐದು ಗಡಿಗಳನ್ನು ನ್ಯಾಯಾಲಯದ ಮೆಟ್ಟಿಲೇರದೆ ಇತ್ಯರ್ಥಪಡಿಸಿತು. ಇವುಗಳಲ್ಲಿ ಇಂದಿಗೂ ಚರ್ಚೆಯಲ್ಲಿರುವುದು ಪಾಕ್ ಜಲಸಂಧಿಯ 1974ರ ಒಪ್ಪಂದ. ಕಚ್ಚತೀವು ಎಂಬ ಪುಟ್ಟ ದ್ವೀಪ ಇದರಿಂದ ಶ್ರೀಲಂಕಾದ ಕಡೆಗೆ ಬಿತ್ತು. 1976ರ ಮುಂದಿನ ಒಪ್ಪಂದ ಮತ್ತು ಪತ್ರವ್ಯವಹಾರದಲ್ಲಿ ಒಬ್ಬರ ನೀರಿನಲ್ಲಿ ಇನ್ನೊಬ್ಬರ ಮೀನುಗಾರರು ಬಲೆ ಹಾಕುವಂತಿಲ್ಲವೆಂದಾಯಿತು. ಕನ್ಯಾಕುಮಾರಿಯ ದಕ್ಷಿಣಕ್ಕಿರುವ ವಾಡ್ಜ್ ಬ್ಯಾಂಕ್ ಎಂಬ ಮೀನುಸಮೃದ್ಧ ಪ್ರದೇಶ ಅದೇ ಒಪ್ಪಂದದಿಂದ ಭಾರತಕ್ಕೆ ದಕ್ಕಿದ್ದು ರಾಜಕೀಯ ಭಾಷಣಗಳಲ್ಲಿ ಅಷ್ಟಾಗಿ ಕೇಳಿಬರುವುದಿಲ್ಲ.

ಬಾಂಗ್ಲಾದೇಶದೊಡನೆ ಮಾತುಕತೆ ಫಲಿಸಲಿಲ್ಲ. 1970ರ ಚಂಡಮಾರುತದ ತರುವಾಯ ಹರಿಭಂಗಾ ನದಿಯ ಬಾಯಿಯ ಬಳಿ ಕಾಣಿಸಿಕೊಂಡ ಮರಳದಿಣ್ಣೆಯನ್ನು ಭಾರತ ನ್ಯೂ ಮೂರ್ ಎಂದೂ ಬಾಂಗ್ಲಾದೇಶ ದಕ್ಷಿಣ ತಾಲ್‌ಪಟ್ಟಿ ಎಂದೂ ಕರೆದು ಇಬ್ಬರೂ ತಮ್ಮದೆಂದರು. ವಿವಾದ ಮುಗಿಯುವ ಮೊದಲೇ ಆ ದಿಣ್ಣೆ ನೀರಿನಡಿ ಸರಿಯಿತು. ಬಾಂಗ್ಲಾದೇಶ 2009ರಲ್ಲಿ ಮಧ್ಯಸ್ಥಿಕೆಗೆ ಮೊರೆಹೋಯಿತು. ತನ್ನ ತೀರ ಒಳಬಾಗಿದ್ದು, ಸಮದೂರ ರೇಖೆಯನ್ನು ಹಿಡಿದರೆ ಭಾರತ ಮತ್ತು ಮ್ಯಾನ್ಮಾರ್‌ಗಳ ಗೆರೆಗಳು ಇಕ್ಕುಳದಂತೆ ಕೂಡಿ ತನ್ನನ್ನು ಕಡಲಿನಿಂದ ಕಡಿದುಹಾಕುತ್ತವೆ, ಮೇಲಾಗಿ ನದಿಗಳು ಹೊತ್ತು ತರುವ ಮಣ್ಣಿನಿಂದ ತೀರವೇ ಅಸ್ಥಿರವಾದುದು, ಆದುದರಿಂದ ನೇರ ದಕ್ಷಿಣಕ್ಕೆ, 180 ಡಿಗ್ರಿಯ ದಿಕ್ಕಿಗೆ ಗೆರೆ ಎಳೆಯಬೇಕೆಂಬುದು ಅದರ ವಾದ. ರೂಡಿಗರ್ ವೋಲ್ಫ್ರಮ್ ಅಧ್ಯಕ್ಷತೆಯ ಐವರ ನ್ಯಾಯಮಂಡಳಿ 2014ರ ಜುಲೈ 7ರಂದು ನೀಡಿದ ತೀರ್ಪಿನಲ್ಲಿ ಅಸ್ಥಿರತೆಯ ವಾದವನ್ನು ತಳ್ಳಿಹಾಕಿತು: ಗಡಿ ಗುರುತಿಸುವ ಹೊತ್ತಿಗೆ ತೀರ ಹೇಗಿದೆಯೋ ಅದಷ್ಟೇ ಮುಖ್ಯ, ಮುಂದೆ ಅದು ಹೇಗೆ ಬದಲಾದೀತೆಂಬುದು ಲೆಕ್ಕಕ್ಕಿಲ್ಲ. ಮುಳುಗಿದ ದಿಣ್ಣೆಯನ್ನು ಆಧಾರಬಿಂದುವಾಗಿ ಹಿಡಿಯಲೂ ಅದು ಒಪ್ಪಲಿಲ್ಲ. ಒಳಬಾಗಿದ ತೀರದ ವಾದಕ್ಕೆ ಮಾತ್ರ ಮನ್ನಣೆಯಿತ್ತು, ಮೊದಲು ಎಳೆದ ಸಮದೂರ ರೇಖೆಯನ್ನು ಒಂದು ಹಂತದಿಂದಾಚೆಗೆ 177 ಡಿಗ್ರಿ 30 ಕಲೆಗಳ ದಿಕ್ಕಿಗೆ ತಿರುಗಿಸಿತು.

ವಿವಾದಿತ 25,602 ಚ.ಕಿ.ಮೀ. ಪೈಕಿ 19,467 ಚ.ಕಿ.ಮೀ. ಬಾಂಗ್ಲಾದೇಶಕ್ಕೆ ಹೋಯಿತೆಂಬ ಅಂಕಿಯನ್ನು ಹಿಡಿದು ಇದನ್ನು ಭಾರತದ ಸೋಲೆಂದು ಬಣ್ಣಿಸಿದವರಿದ್ದಾರೆ. ವಿವಾದಿತ ಪ್ರದೇಶದ ವಿಸ್ತಾರ ಇಬ್ಬರೂ ಎಷ್ಟೆಷ್ಟು ಮುಂದಕ್ಕೆ ಹಕ್ಕು ಚಾಚಿದ್ದರೆಂಬುದನ್ನು ಅವಲಂಬಿಸಿರುವುದರಿಂದ ಆ ಪ್ರಮಾಣ ಗೆಲುವು ಸೋಲುಗಳಿಗೆ ಅಳತೆಗೋಲಾಗಲಾರದು. ನ್ಯಾಯಮಂಡಳಿ ತಾನೇ ನಡೆಸಿದ ಕೊನೆಯ ಪರೀಕ್ಷೆಯಲ್ಲಿ ಎರಡು ರಾಷ್ಟ್ರಗಳ ಸಂಬಂಧಪಟ್ಟ ತೀರಗಳ ಉದ್ದದ ಅನುಪಾತ 1ಕ್ಕೆ 1.92 ಇದ್ದು, ದೊರೆತ ಕಡಲಿನ ಅನುಪಾತ 1ಕ್ಕೆ 2.81 ಆಗಿ ಭಾರತದ ಕಡೆಗೇ ವಾಲಿತ್ತು. ತೀರ್ಪಿನ ಹೆಚ್ಚು ವಿಲಕ್ಷಣ ಫಲವೆಂದರೆ ‘ಬೂದು ಪ್ರದೇಶ’: ಬಾಂಗ್ಲಾದೇಶದ ತೀರದಿಂದ 200 ಮೈಲಿಯ ಆಚೆಗೂ ಭಾರತದ ತೀರದಿಂದ 200 ಮೈಲಿಯೊಳಗೂ ಇದ್ದು ಗಡಿರೇಖೆಯ ಪೂರ್ವಕ್ಕೆ ಬಿದ್ದ ಈ ತುಂಡಿನಲ್ಲಿ ನೀರು ಮತ್ತು ಮೀನು ಭಾರತಕ್ಕೆ, ಅದೇ ನೀರಿನ ತಳದ ನೆಲ ಬಾಂಗ್ಲಾದೇಶಕ್ಕೆ ಸೇರುತ್ತವೆ. ಇಲ್ಲಿ ತೈಲ ತೆಗೆಯುವವನ ವೇದಿಕೆಯೂ ಮೀನು ಹಿಡಿಯುವವನ ಬಲೆಯೂ ಬೇರೆ ಬೇರೆ ದೇಶಗಳ ಅನುಮತಿಯನ್ನು ಕೇಳಬೇಕು.

ಖಂಡಾವರಣದ ಹೊರ ಅಂಚು

200 ಮೈಲಿ ಮುಗಿದಲ್ಲಿಗೆ ನೀರಿನ ಹಕ್ಕು ಮುಗಿದರೂ, ಭೂಖಂಡದ ಸಹಜ ಮುಂದುವರಿಕೆ ಇನ್ನೂ ಆಚೆಗೆ ಹೋಗಿದ್ದರೆ ತಳದ ಹಕ್ಕು ಮುಂದುವರಿಯುತ್ತದೆ. ಇದನ್ನು ತೋರಿಸಲು ಖಂಡಾವರಣ ಇಳಿಜಾರಿನ ಬುಡವನ್ನು ಗುರುತಿಸಿ, ಅಲ್ಲಿಂದ 60 ಮೈಲಿ ದೂರವನ್ನೋ, ಕಡಲತಳದ ಮೆಕ್ಕಲುಪದರದ ದಪ್ಪ ಆ ಬುಡದಿಂದಿರುವ ದೂರದ ಶೇಕಡಾ ಒಂದರಷ್ಟಾದರೂ ಇರುವ ಕೊನೆಯ ಬಿಂದುವನ್ನೋ ಆಯ್ದುಕೊಳ್ಳಬೇಕು; ಸಾಮಾನ್ಯವಾಗಿ ಇದು ಆಧಾರರೇಖೆಯಿಂದ 350 ಮೈಲಿ ಅಥವಾ 2,500 ಮೀಟರ್ ಆಳದ ಗೆರೆಯಿಂದ 100 ಮೈಲಿ ಎಂಬ ಎರಡು ಮಿತಿಗಳಲ್ಲಿ ಒಂದರೊಳಗಾದರೂ ಇರಬೇಕು. ಹಿಮಾಲಯದಿಂದ ಗಂಗಾ ಬ್ರಹ್ಮಪುತ್ರಗಳು ಹೊತ್ತುತಂದ ಮಣ್ಣು ಬಂಗಾಳ ಕೊಲ್ಲಿಯ ತಳದಲ್ಲಿ ಹರಡಿ ಜಗತ್ತಿನ ಅತಿದೊಡ್ಡ ಕಡಲತಳದ ಮೆಕ್ಕಲು ಬೀಸಣಿಗೆಯನ್ನು ನಿರ್ಮಿಸಿರುವುದರಿಂದ, ಸಾಮಾನ್ಯ ಸೂತ್ರ ಇಲ್ಲಿಯ ತೀರರಾಷ್ಟ್ರಗಳಿಗೆ ಅನ್ಯಾಯ ಮಾಡುತ್ತದೆಂದು ವಾದಿಸಿ, ಮೆಕ್ಕಲು ಒಂದು ಕಿಲೋಮೀಟರ್ ದಪ್ಪವಿರುವವರೆಗೂ ಹೋಗಬಹುದೆಂಬ ವಿಶೇಷ ತಿಳಿವಳಿಕೆಯನ್ನು ಒಡಂಬಡಿಕೆಯ ಅಂತಿಮ ದಸ್ತಾವೇಜಿಗೆ ಸೇರಿಸಲಾಯಿತು. ಭಾರತ ತನ್ನ ಮನವಿಯನ್ನು ಗಡುವಿಗೆ ಎರಡು ದಿನ ಮುಂಚೆ, 2009ರ ಮೇ 11ರಂದು, ವಿಶ್ವಸಂಸ್ಥೆಯ 21 ಸದಸ್ಯರ ಖಂಡಾವರಣ ಮಿತಿಗಳ ಆಯೋಗಕ್ಕೆ ಸಲ್ಲಿಸಿತು. ಇದಕ್ಕೂ ಆಚೆಗಿನ ತಳ ಮನುಕುಲದ ಸಮಾನ ಸ್ವತ್ತೆಂದು ಪರಿಗಣಿತವಾಗಿದ್ದು, ಅದರ ಆಡಳಿತ ಜಮೈಕಾದ ಕಿಂಗ್‌ಸ್ಟನ್‌ನಲ್ಲಿರುವ ಅಂತರರಾಷ್ಟ್ರೀಯ ಕಡಲತಳ ಪ್ರಾಧಿಕಾರದ ಕೈಯಲ್ಲಿದೆ. ಮಧ್ಯ ಹಿಂದೂ ಮಹಾಸಾಗರದಲ್ಲಿ 75,000 ಚ.ಕಿ.ಮೀ. ಪ್ರದೇಶದಲ್ಲಿ ಲೋಹದ ಗಂಟುಗಳ ಅನ್ವೇಷಣೆಗೆ ಭಾರತ ಈ ಪ್ರಾಧಿಕಾರದೊಡನೆ ಕರಾರು ಮಾಡಿಕೊಂಡಿದೆ.

ಬದಲಾಗುವ ದಡ, ಉಳಿದ ಗಡಿ

2004ರ ಭೂಕಂಪದಲ್ಲಿ ಗ್ರೇಟ್ ನಿಕೋಬಾರಿನ ತುದಿಯಾದ ಇಂದಿರಾ ಪಾಯಿಂಟ್ ನಾಲ್ಕು ಮೀಟರಿಗೂ ಹೆಚ್ಚು ಕುಸಿದು, ಅಲ್ಲಿಯ ದೀಪಸ್ತಂಭದ ಬುಡಕ್ಕೆ ನೀರು ನುಗ್ಗಿತು. ಇಂಡೊನೇಷ್ಯಾದೊಡನೆ ಒಪ್ಪಂದವಾಗಿ ಅಂಕಿಗಳಲ್ಲಿ ದಾಖಲಾಗಿದ್ದ ಗಡಿ ಮಾತ್ರ ಇದ್ದಲ್ಲೇ ಇದೆ. ಒಪ್ಪಂದದ ಗಡಿಯನ್ನು ಪರಿಸ್ಥಿತಿ ಬದಲಾಯಿತೆಂಬ ನೆಪದಿಂದ ಅಲುಗಿಸುವಂತಿಲ್ಲ ಎಂಬುದು ಅಂತರರಾಷ್ಟ್ರೀಯ ಕಾನೂನಿನ ನಿಯಮ. ಒಪ್ಪಂದವಿಲ್ಲದ ಹೊರಮಿತಿಗಳಿಗೆ ಈ ರಕ್ಷಣೆ ಇದೆಯೇ ಎಂಬುದು, ಸಮುದ್ರಮಟ್ಟ ಏರುತ್ತಿರುವ ಈ ಕಾಲದಲ್ಲಿ, ಚರ್ಚೆಯ ವಿಷಯವಾಗಿದೆ. ಒಮ್ಮೆ ಪ್ರಕಟಿಸಿದ ವಲಯಗಳು ದಡ ಮುಳುಗಿದರೂ ಕುಗ್ಗಲಾರವೆಂದು ಪೆಸಿಫಿಕ್ ದ್ವೀಪರಾಷ್ಟ್ರಗಳ ವೇದಿಕೆ 2021ರಲ್ಲಿ ಘೋಷಿಸಿತು.

ಭಾರತದ ಏಳು ಕಡಲಗಡಿಗಳಲ್ಲಿ ಇನ್ನೂ ಎಳೆಯದೆ ಉಳಿದದ್ದು ಪಾಕಿಸ್ತಾನದೊಡನೆಯದು. ಕಛ್ ಮತ್ತು ಸಿಂಧ್‌ಗಳ ನಡುವೆ ಸುಮಾರು 96 ಕಿ.ಮೀ. ಉದ್ದಕ್ಕೆ ಹರಿದಾಡುವ ಸರ್ ಕ್ರೀಕ್ ಎಂಬ ಉಪ್ಪುನೀರಿನ ಕಾಲುವೆಯ ಪೂರ್ವದಂಡೆ ಗಡಿಯೋ ನಡುಗಾಲುವೆ ಗಡಿಯೋ ಎಂಬುದೇ ವ್ಯಾಜ್ಯ. ಆಗಿನ ಬೊಂಬಾಯಿ ಸರ್ಕಾರದ 1914ರ ನಿರ್ಣಯ ಮತ್ತು ಅದರೊಡನಿದ್ದ ನಕ್ಷೆಯನ್ನು ಪಾಕಿಸ್ತಾನ ಪೂರ್ವದಂಡೆಯ ಪರವಾಗಿ ಓದುತ್ತದೆ. ಹಡಗು ನಡೆಯಬಲ್ಲ ಕಾಲುವೆಗೆ ಅನ್ವಯಿಸುವ ನಡುಹರಿವಿನ ತತ್ತ್ವವನ್ನೂ 1925ರಲ್ಲಿ ನೆಟ್ಟ ಕಂಬಗಳನ್ನೂ ಭಾರತ ಮುಂದಿಡುತ್ತದೆ. 1968ರ ಕಛ್ ನ್ಯಾಯಮಂಡಳಿ ರಣದ ಗಡಿಯನ್ನು ತೀರ್ಮಾನಿಸಿತಾದರೂ ಈ ಕಾಲುವೆಯನ್ನು ಮುಟ್ಟಲಿಲ್ಲ. 2007ರಲ್ಲಿ ಎರಡೂ ದೇಶಗಳು ಜಂಟಿಯಾಗಿ ಸರ್ವೇಕ್ಷಣೆ ನಡೆಸಿದವು. ಅಳತೆಯ ವಿಷಯದಲ್ಲಿ ಕೈಗೂಡಿದ ಸಹಕಾರ ಗೆರೆಯ ವಿಷಯದಲ್ಲಿ ಕೈಗೂಡಲಿಲ್ಲ. ನೆಲದ ಗಡಿ ಎಲ್ಲಿ ಕಡಲನ್ನು ಮುಟ್ಟುತ್ತದೆ ಎಂಬುದು ಗೊತ್ತಾಗದೆ ಮುಂದಿನ ಇನ್ನೂರು ಮೈಲಿಯ ಹಂಚಿಕೆ ಆರಂಭವಾಗುವಂತಿಲ್ಲ. ಗುಜರಾತಿನ ಮತ್ತು ಸಿಂಧ್‌ನ ದೋಣಿಗಳು ಈ ನೀರಿನಲ್ಲಿ ಮೀನು ಹಿಂಬಾಲಿಸುತ್ತ ಆಚೀಚೆ ದಾಟಿ ಸೆರೆಸಿಕ್ಕುವುದು ನಿಂತಿಲ್ಲ. ಎರಡೂ ಸರ್ಕಾರಗಳು ಪ್ರತಿವರ್ಷ ಜನವರಿ 1 ಮತ್ತು ಜುಲೈ 1ರಂದು ವಿನಿಮಯ ಮಾಡಿಕೊಳ್ಳುವ ಬಂದಿಗಳ ಪಟ್ಟಿಯಲ್ಲಿ ಮೀನುಗಾರರನ್ನು ಇತರ ಕೈದಿಗಳಿಂದ ಬೇರ್ಪಡಿಸಿ ಪ್ರತ್ಯೇಕವಾಗಿ ಎಣಿಸಲಾಗುತ್ತದೆ.